ಡಿ ಅಂದರೆ ದೊಮೊದೊಸ್ಸೊಲ

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದಂತೆ.
ಇದು ದಾನದ ಹಸುವಲ್ಲ,
ಹಜಾರದ ಗೂಡಿನಲ್ಲಿ ಕೂತಲ್ಲೇ
ತಿಂಗಳಿಗೆ ಐದು ಯೂರೋ ಮೇಯುತ್ತದೆ, ಆರು ವರ್ಷದಿಂದ.
ಎಣಿಸಿದೆ.
ಮುನ್ನೂರ ಅರವತ್ತು.
ಬಿಲ್ಲಿನ ಬೆನ್ನಿಗೇ ಲೆಕ್ಕ ಬರೆದು
ಕೋಟು ಹಾಕಿಕೊಂಡು ಪೇಟೆಗೆ ಇಳಿದೆ.

ಕಂಪನಿಯ ಆ ಕರೀ ಪೆಟ್ಟಿಗೆ
ರಾತ್ರಿ ಎರಡಕ್ಕೆ ತನ್ನಷ್ಟಕ್ಕೆ ಆರಿ, ತನ್ನಷ್ಟಕ್ಕೆ ಹೊತ್ತಿಕೊಳ್ಳುವುದು.
ಕೇಳಿದರೆ, 'ನಾವೇ ಸಿನ್ಯೋರಾ, ದೂರದಿಂದ ಸರಿಮಾಡುತ್ತಿದ್ದೆವು.'
ನನ್ನ ಮನೆಯೊಳಗೆ! ನಾನು ನಿದ್ದೆಯಲ್ಲಿದ್ದಾಗ!
ಕೊರಿಯರಿನವನಿಗೂ ನಾನು ಬಾಗಿಲ ಸರಪಳಿ ತೆಗೆಯುವವಳಲ್ಲ.

ಹೊಸದು ಬಿಳಿ, ಕರುವಿನ ಕೊಂಬಿನ ಹಾಗೆ ಎರಡು ಆಂಟೆನಾ.
ಇನ್ನು ಬೇಕಾದದ್ದು ಒಂದು ಹೆಸರು, ಒಂದು ಪಾಸ್‌ವರ್ಡು,
ವಿಲ್ಯಾನ್ ಎಂಬುದಕ್ಕೊಂದು ಅಂಕಿ.
ನಲವತ್ತು ನಿಮಿಷ ಪಿಯಾನೋ ಕೇಳಿಸಿ
ಕಲಾಬ್ರಿಯ ಕಡೆಯ ಮಾತಿನ ಹುಡುಗನೊಬ್ಬ ಬಂದ ಸಾಲಿಗೆ.
'ಸ್ವಂತ ರೂಟರಿಗೆ ನಾವು ಜವಾಬ್ದಾರರಲ್ಲ.'
ಜವಾಬ್ದಾರಿ ಯಾರು ಕೇಳಿದರು ಮಗಾ,
ಅಕ್ಷರ ಹೇಳು ಸಾಕು.

ನಿಟ್ಟುಸಿರಿಟ್ಟು ಶುರುಮಾಡಿದ:
ಎನ್ ಅಂದರೆ ನಾಪೊಲಿ, ಐ ಅಂದರೆ ಇಮೊಲ, ಡಿ ಅಂದರೆ...
ದೊಮೊದೊಸ್ಸೊಲ, ಅಂದೆ, ಅವನಿಗಿಂತ ಮೊದಲೇ.
ಗಳಿಗೆ ಹೊತ್ತು ಸುಮ್ಮನಾದ.
'ನೀವೂ ಇದೇ ಕೆಲಸದವರಾ?'

ಇದೇ ಕೆಲಸ. ಮೂವತ್ತೊಂದು ವರ್ಷ.
ಮೊದಲ ಎಂಟು, ಹಿತ್ತಾಳೆ ಮೂತಿಯ ವಯರು ಹಿಡಿದು,
ಪಕ್ಕದ ಕುರ್ಚಿಯಲ್ಲಿ ಲೀಚಿಯ, ಬಾಯಲ್ಲಿ ಲವಂಗ.
ಈ ಕೈ ಜಾಗ್ರೆಬನ್ನು ಜೆನೋವಾಕ್ಕೆ ಗಂಟು ಹಾಕಿದೆ.
ಹಡಗಿನವರ ಹೆಂಡಂದಿರು ಅಳತೊಡಗಿದರೆ
ಗಡಿಯಾರದ ಕಡೆ ನೋಡದೆ ಮೂರು ನಿಮಿಷ ಬಿಟ್ಟಿದ್ದೇನೆ,
ಎರಡು ಸಲ ಸಂಬಳದಲ್ಲಿ ಹಿಡಿದಿದ್ದಾರೆ.

ಅವನಿಗೆ ಇಷ್ಟೆಲ್ಲ ಹೇಳಲಿಲ್ಲ. ಬರೆದುಕೊಂಡೆ, ಓದಿ ಒಪ್ಪಿಸಿದೆ, ಇಟ್ಟೆ.
ಆ ಫೋನಿನ ಕೊನೆಯ ಕರೆ ಅದೇ ಎಂದು ಆಗ ಗೊತ್ತಿರಲಿಲ್ಲ.

ಗೋಡೆಯ ಪುಟ್ಟ ಡಬ್ಬಿಗೆ ಶಾವಿಗೆಯಷ್ಟು ಸಣ್ಣ ಹಳದಿ ಎಳೆ,
ಒಳಗೆ ಗಾಜಂತೆ, ಅದನ್ನು ಮುಟ್ಟಲಿಲ್ಲ.
ಡಬ್ಬಿಯಿಂದ ಹೊರಟ ವಯರನ್ನು ಹಳೆಯದರಿಂದ ಕಿತ್ತು
ಹೊಸದಕ್ಕೆ ಚುಚ್ಚಿದೆ.
ಟಕ್.
ಬೆರಳಿಗೆ ನೆನಪಿತ್ತು, ನನಗಿಂತ ಚೆನ್ನಾಗಿ.

ಕೆಂಪು.
ಕೆಂಪು.
ಕಾಫಿ ಉಕ್ಕಿತು, ಒಲೆ ಒರೆಸಿದೆ, ಇನ್ನೂ ಕೆಂಪು.
ಸೊನ್ನೆಯನ್ನು ಓ ಎಂದು ಒತ್ತಿದ್ದೆ.
ತಿದ್ದಿದೆ. ಹಸಿರು.

ಚಪ್ಪಾಳೆಗೆ ಯಾರೂ ಇಲ್ಲವೆಂದು ನಾನೇ ಒಂದು ತಟ್ಟುವಷ್ಟರಲ್ಲಿ
ಬಾಗಿಲು ಸದ್ದಾಯಿತು.
ನಾಲ್ಕನೇ ಮಹಡಿಯ ಸರ್ಬಿಯದ ಹುಡುಗ, ಓಗ್ನ್ಯೆನ್,
ಕಾಲಲ್ಲಿ ಒಂದೇ ಸಾಕ್ಸು.
'ಇಂಟರ್ನೆಟ್ ಹೋಯಿತಾ, ಸಿನ್ಯೋರಾ?'
ಯಾರದ್ದು?
ಹುಡುಗ ತನ್ನ ಬರಿಗಾಲನ್ನೇ ನೋಡಿದ.
ಕರೀ ಪೆಟ್ಟಿಗೆಯ ಹೊಟ್ಟೆಗೆ ಅಂಟಿಸಿದ್ದ ಪಾಸ್‌ವರ್ಡು
ಎಂದೋ ನನ್ನ ಬಲ್ಬು ಬದಲಿಸಲು ಬಂದಾಗ ಓದಿಕೊಂಡದ್ದಂತೆ.
ನಾಳೆ ಗಣಿತದ ಪರೀಕ್ಷೆಯಂತೆ.
ಎರಡನೆಯದು ಸುಳ್ಳು.

ಹೋಗು ಮೇಲೆ, ಅಂದೆ.

ಹೋದ. ಹೊರಗೆ ಬೋರಾ ಗಾಳಿ ಎದ್ದಿತ್ತು,
ಸಾನ್ ಜಾಕೊಮೊದ ಕಿಟಕಿಬಾಗಿಲುಗಳೆಲ್ಲ ಹಲ್ಲು ಕಡಿಯುತ್ತಿದ್ದವು.
ಲೀಚಿಯಳಿಗೆ ಸುದ್ದಿ ಹೇಳೋಣವೆಂದು ಫೋನೆತ್ತಿದರೆ
ಉಸಿರಿಲ್ಲ.
ಅದಕ್ಕೆ ಬೇರೆಯೇ ಹೆಸರು, ಬೇರೆಯೇ ಪಾಸ್‌ವರ್ಡು, ಕಾಗದದಲ್ಲಿ ಬರುತ್ತದಂತೆ,
ಹತ್ತು ದಿನದೊಳಗೆ, ಬಂದರೆ.
ಪಾಠದವಳ ಮನೆಯಲ್ಲಿ ಪಲಕವೇ ಇಲ್ಲದಂತಾಯಿತು.

ಆಮೇಲೆ ಯಾಕೋ
ಮೆಟ್ಟಿಲ ಕಟಕಟೆ ಹಿಡಿದು, ಕತ್ತು ಮೇಲೆತ್ತಿ
ಎಕ್ಸ್‌ಚೇಂಜಿನ ದನಿಯಲ್ಲೇ ಕೂಗಿದೆ:
ಪೆನ್ಸಿಲ್ ತಗೋ! ಎಲ್ ಅಂದರೆ ಲಿವೊರ್ನೊ!
ಐ ಅಂದರೆ ಇಮೊಲ! ಡಿ ಅಂದರೆ ದೊಮೊದೊಸ್ಸೊಲ!
ಮೂರನೇ ಮಹಡಿಯಲ್ಲೂ ಒಂದು ಬಾಗಿಲು ಮೆಲ್ಲಗೆ ತೆರೆಯಿತು.
ಬರೆದುಕೊಳ್ಳಲಿ.

'ಅದೆಲ್ಲಿದೆ, ಆ ಊರು?' ಮೇಲಿನಿಂದ ದನಿ.
ಗೊತ್ತಿಲ್ಲ ಕಣೋ.
ದಿನಕ್ಕೆ ನೂರು ಸಲ ಹೇಳಿದ್ದೇನೆ.
ಒಮ್ಮೆಯೂ ಹೋಗಿಲ್ಲ.